ಹೆಜ್ಜಾರ್ಲೆಯ ಊಟ ಶುರುವಾಗೋದು ಕೆರೆಯ ಹುಲ್ಲಲ್ಲಿ

ಸಮುದ್ರದ ದಡದ ಹತ್ರ ನೀರೊಳಗೇ ಹುಲ್ಲುಗಾವಲು ಬೆಳೆಯುತ್ತೆ. ಸೀಗಡಿ, ಏಡಿ, ಮೀನುಮರಿ ಎಲ್ಲ ಅದರೊಳಗೇ ಸಂಸಾರ ಮಾಡ್ತವೆ. ಮಂಡ್ಯಕ್ಕೆ ಸಮುದ್ರ ಇಲ್ಲ, ಸರಿ. ಆದ್ರೆ ಮದ್ದೂರು, ಮಳವಳ್ಳಿ ಕಡೆಯ ಕೆರೆ ಅಂಚಲ್ಲಿ ಒಂದು ಹಿಡಿ ನೀರುಹುಲ್ಲು ಎತ್ತಿ, ನೀರು ತುಂಬಿದ ಬಿಳಿ ತಟ್ಟೆಗೆ ಹಾಕಿ. ಎರಡು ನಿಮಿಷ ಸುಮ್ನೆ ಕಾಯಿರಿ.

ಮೊದಲು ಕಾಣೋದು ಬಸವನಹುಳ. ಎಲೆ ಮೇಲಿನ ಪಾಚಿ ಕೆರೆದು ತಿನ್ನುತ್ತೆ. ಚುಕ್ಕೆಯಷ್ಟೇ ಇದ್ದು ಜಿಗಿಜಿಗಿ ಓಡೋದು ಕೋಪೆಪಾಡ್, ಸೀಗಡಿಯ ದೂರದ ನೆಂಟ. ಆಮೇಲೆ ಬರ್ತಾನೆ ವಿಲನ್: ಏರೋಪ್ಲೇನ್ ಚಿಟ್ಟೆಯ ಮರಿ. ರೆಕ್ಕೆ ಬರೋವರೆಗೂ ಇದರ ಬದುಕು ನೀರಲ್ಲೇ. ಮಡಚಿಟ್ಟ ಕೆಳತುಟಿಯನ್ನ ಚಕ್ಕಂತ ಮುಂದೆ ಚಾಚಿ ಸೊಳ್ಳೆಮರಿ ಹಿಡಿಯುತ್ತೆ. ಉಸಿರಾಡೋದು? ಹಿಂಭಾಗದಿಂದ! ಅಲ್ಲಿಂದಲೇ ನೀರು ಎಳ್ಕೊಂಡು, ಜೋರಾಗಿ ಬಿಟ್ಟು, ರಾಕೆಟ್ ಥರ ಮುಂದಕ್ಕೆ ನುಗ್ಗುತ್ತೆ.

ಇವನ್ನ ಮೀನು ತಿನ್ನುತ್ತೆ, ಮೀನನ್ನ ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆ ತಿನ್ನುತ್ತೆ. ಮದ್ದೂರು ತಾಲ್ಲೂಕಿನ ಆ ಊರಲ್ಲಿ ಈ ಹಕ್ಕಿಗಳು ಅಂದ್ರೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಮಕ್ಕಳು. 2007ರಲ್ಲಿ ಊರನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದ್ರು. 2017ರ ಕೊನೆಯಿಂದ 2018ರವರೆಗೆ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷೆಯಲ್ಲಿ ಸಿಕ್ಕಿದ್ದು ಹೊಟ್ಟೆಯೊಳಗಿನ ದುಂಡುಹುಳು. ಇಂಥ ಹುಳುಗಳ ದಾರಿ ಸಾಮಾನ್ಯವಾಗಿ ಹೀಗೆ: ಹಿಕ್ಕೆಯಿಂದ ಮೊಟ್ಟೆ ನೀರಿಗೆ, ಮರಿ ಕೋಪೆಪಾಡ್‌ಗೆ, ಅಲ್ಲಿಂದ ಮೀನಿಗೆ, ಮತ್ತೆ ಹಕ್ಕಿಗೆ. ಅಂದ್ರೆ ಊಟ ಬರೋ ದಾರೀಲೇ ರೋಗವೂ ಬರುತ್ತೆ. ಮರದ ಮೇಲಿನ ಗೂಡು ಕಾಯ್ದರಷ್ಟೇ ಸಾಲದು, ಕೆರೆಯನ್ನೂ ನೋಡ್ಕೋಬೇಕು.

ಹಾಗಂತ ಎಲ್ಲಾ ಕಳೆಯೂ ಒಳ್ಳೇದಲ್ಲ. ನೀರೊಳಗೆ ಬೆಳೆಯೋ ಹೈಡ್ರಿಲ್ಲಾ ಹಗಲು ಹೊತ್ತು ನೀರಿಗೇ ಆಮ್ಲಜನಕ ಬಿಡುತ್ತೆ. ಅದೇ ನೇರಳೆ ಹೂ ಬಿಡೋ ವಾಟರ್ ಹಯಸಿಂತ್ ಮೇಲೆ ಚಾಪೆ ಹಾಸಿ ಬಿಸಿಲು ತಡೆಯುತ್ತೆ. ಕೆಳಗೆ ಉಸಿರಾಡೋಕೆ ಗಾಳಿ ಕಮ್ಮಿ. ಗದ್ದೆಯ ಗೊಬ್ಬರ, ಊರಿನ ಚರಂಡಿ ನೀರು ಸೇರಿದಷ್ಟೂ ಇದಕ್ಕೆ ಹಬ್ಬ.

ಕೆರೆ ಕ್ಲೀನ್ ಮಾಡೋಕೆ ಜೆಸಿಬಿ ಬಂದಾಗ ಎರಡನ್ನೂ ಒಟ್ಟಿಗೆ ಬಾಚಿ ದಡಕ್ಕೆ ಹಾಕ್ತಾರೆ. ನನ್ನ ತಕರಾರು ಇಷ್ಟೇ: ತೇಲೋದನ್ನ ತೆಗೀರಿ, ಒಂದು ಮೂಲೇಲಾದ್ರೂ ಒಳಗಿನ ಹುಲ್ಲು ಬಿಡಿ. ನಿಮ್ಮೂರ ಗ್ರಾಮಸಭೆಯಲ್ಲಿ ಇದನ್ನ ಕೇಳಬಹುದು.

ಅಂದಹಾಗೆ, ತಟ್ಟೆಯ ಫೋಟೋ ತೆಗೆದಾದ್ಮೇಲೆ ಎಲ್ಲರನ್ನೂ ವಾಪಸ್ ಕೆರೆಗೆ ಬಿಡಿ, ವಿಲನ್‌ನೂ ಸೇರಿಸಿ.