ಸಂಕರ ಬೀಜೋತ್ಪಾದನೆಯಲ್ಲಿ ಕಂಪನಿ ಮತ್ತು ರೈತ

ಹಾವೇರಿ ಜಿಲ್ಲೆಯ ಹಿರೇಕೆರೂರು, ರಾಣೆಬೆನ್ನೂರು ಭಾಗದ ರೈತರು ಕಂಪನಿಗಳಿಗೆ ಹತ್ತಿ ಹಾಗೂ ತರಕಾರಿಗಳ ಸಂಕರ ಬೀಜವನ್ನು ಬೆಳೆದುಕೊಡುತ್ತಿರುವರು. 1988ರ ಬೀಜನೀತಿಯ ತರುವಾಯ ಬಹುರಾಷ್ಟ್ರೀಯ ಸಂಸ್ಥೆಗಳೂ ಭಾರತದ ಬೀಜಪೇಟೆಯನ್ನು ಹೊಕ್ಕವು.

ಇಲ್ಲಿ ನಡೆಯುವ ವಿದ್ಯಾವಿನಿಮಯವು ಅಪೂರ್ಣವಾದುದು. ಸಂಜೆ ಹೆಣ್ಣು ಸಾಲಿನ ಮೊಗ್ಗಿನಿಂದ ಕೇಸರವನ್ನು ಕಿತ್ತು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗವನ್ನು ಮುಟ್ಟಿಸುವ ‘ಕ್ರಾಸಿಂಗ್’ ಕೆಲಸವನ್ನು ಕಂಪನಿಯು ಕಲಿಸುತ್ತದೆ. ತಂದೆತಾಯಿ ತಳಿಗಳನ್ನು ಮಾತ್ರ ಹೆಸರು ಮರೆಸಿ, ಸಂಕೇತಾಂಕದಿಂದ ಕೊಡುತ್ತದೆ. ಎರಡೂ ತಳಿಗಳು ಎದುರಾಳಿಯ ಕೈಸೇರಿದರೆ ಅದೇ ಬೀಜವನ್ನು ಅವನೂ ಮಾಡಬಲ್ಲನಷ್ಟೆ. ಆದರೆ ಕಲಿತ ಕೈಯನ್ನು ಬಚ್ಚಿಡಲಾಗದು. ಈ ಕೈಗಳಲ್ಲಿ ಹೆಚ್ಚಿನವು ಹೆಂಗಸರವು. ಮರುವರ್ಷ ಅವು ಮತ್ತೊಂದು ಕಂಪನಿಗೆ ದುಡಿಯಬಹುದು.

ಮೊಳಕೆ, ಶುದ್ಧತೆಗಳ ಪರೀಕ್ಷೆಯಾದರೋ ಕಂಪನಿಯದೇ. ಅಲ್ಲಿ ತಿರಸ್ಕೃತವಾದ ಬೀಜವನ್ನು, ತಳಿಯ ಹೆಸರನ್ನೇ ಅರಿಯದ ರೈತನು ಬೇರೆಲ್ಲಿಯೂ ಮಾರಲಾರನು.