ಎಲೆಬಟ್ಟಲಿನ ಸಸ್ಯ: ಕರಾವಳಿಯಲ್ಲಿ ಈಕ್ಮಿಯ ಫ್ಯಾಸಿಯೇಟದ ಕೃಷಿ

ಅನಾನಸಿನ ಗಿಡವನ್ನು ಕಾಣದವರು ನಮ್ಮ ಕರಾವಳಿಯಲ್ಲಿ ಇರಲಾರರು. ಪೋರ್ಚುಗೀಸರು 16ನೆಯ ಶತಮಾನದಲ್ಲಿ ಭಾರತಕ್ಕೆ ತಂದ ಈ ಸಸ್ಯವು ಬ್ರೊಮೀಲಿಯೇಸಿ ಕುಟುಂಬಕ್ಕೆ ಸೇರಿದುದು. ಸ್ವೀಡನ್ನಿನ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಓಲೋಫ್ ಬ್ರೊಮೀಲಿಯಸ್ (1639–1705) ಎಂಬಾತನ ಸ್ಮರಣಾರ್ಥ ಈ ಹೆಸರು ಬಂದಿದೆ. ಈ ಕುಟುಂಬದ ಮೂರುವರೆ ಸಾವಿರಕ್ಕೂ ಮಿಕ್ಕ ಪ್ರಭೇದಗಳಲ್ಲಿ ಒಂದು ಮಾತ್ರ ಪಶ್ಚಿಮ ಆಫ್ರಿಕದ್ದು. ಉಳಿದವೆಲ್ಲ ಅಮೆರಿಕ ಖಂಡಗಳವು. ಇವುಗಳಲ್ಲಿ ಅಲಂಕಾರಕ್ಕಾಗಿ ಬೆಳೆಸುವ ಈಕ್ಮಿಯ ಫ್ಯಾಸಿಯೇಟ ಎಂಬುದರ ಲಕ್ಷಣಗಳನ್ನೂ, ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಂತಹ ಮಳೆನಾಡಿನಲ್ಲಿ ಅದನ್ನು ಬೆಳೆಸುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ. ಅನಾನಸಿನ ಅನುಭವವನ್ನೇ ನಂಬಿ ಇದನ್ನು ನೆಟ್ಟವರು ನಿರಾಶರಾಗುವುದುಂಟು. ಅನಾನಸು ನೆಲದ ಗಿಡ. ಇದು ಮರದ ಗಿಡ.

ಬ್ರೆಜಿಲಿನ ಕಾಡುಗಳಲ್ಲಿ ಇದು ಮರದ ಕೊಂಬೆಗಳನ್ನು ಆಶ್ರಯಿಸಿ ಬೆಳೆಯುತ್ತದೆ. ಆದರೆ ನಮ್ಮ ಮಾವಿನ ಮರಗಳಿಗೆ ಹತ್ತುವ ಬಂದಳಿಕೆಯಂತೆ ಇದು ಆಶ್ರಯದಾತನ ರಸವನ್ನು ಹೀರುವುದಿಲ್ಲ. ಕೊಲ್ಲೂರಿನ ಕಾಡಿನ ಸೀತಾಳೆದಂಡೆಯಂತೆ ಇದೂ ಅಪ್ಪುಸಸ್ಯ. ಮರ ಇದಕ್ಕೆ ನಿಲ್ಲುವ ನೆಲೆಯಷ್ಟೆ. ಅಗಲವಾದ, ಅಂಚಿನಲ್ಲಿ ಮುಳ್ಳುಗಳುಳ್ಳ ಬೂದುಹಸುರಿನ ಎಲೆಗಳು ಬುಡದಲ್ಲಿ ಒಂದನ್ನೊಂದು ಬಿಗಿಯಾಗಿ ಅಪ್ಪಿಕೊಂಡು ನಡುವೆ ಒಂದು ಬಟ್ಟಲನ್ನು ರಚಿಸುತ್ತವೆ. ಎಲೆಗಳ ಮೇಲಿನ ಬೆಳ್ಳಿಯ ಪಟ್ಟೆಗಳು ಅತಿಸೂಕ್ಷ್ಮ ಶಲ್ಕಗಳ ಸಮೂಹ. ಬೆರಳಿನಿಂದ ಉಜ್ಜಿದರೆ ಅವು ಅಳಿಸಿಹೋಗುವುವು; ಮತ್ತೆ ಮೂಡುವುದಿಲ್ಲ. ಗಿಡಕ್ಕೆ ಎರಡು-ಮೂರು ವರ್ಷ ತುಂಬಿದ ಮೇಲೆ ಬಟ್ಟಲಿನ ನಡುವಿನಿಂದ ಗುಲಾಬಿ ಬಣ್ಣದ ಹೂಗೊಂಚಲು ಏಳುತ್ತದೆ. ನೋಡುವವರು ಹೂವೆಂದು ಭಾವಿಸುವುದು ವಾಸ್ತವವಾಗಿ ಹೂಗಳನ್ನು ಹೊತ್ತ ಉಪಪತ್ರಗಳನ್ನು. ನಿಜವಾದ ಹೂಗಳು ಚಿಕ್ಕವು, ನೀಲಿ ಛಾಯೆಯವು, ಬೇಗನೆ ಬಾಡುವಂಥವು. ಉಪಪತ್ರಗಳು ಮಾತ್ರ ಹಲವು ತಿಂಗಳು ಬಣ್ಣಗೆಡದೆ ಉಳಿಯುತ್ತವೆ.

ಬೇರುಗಳು ಮುಖ್ಯವಾಗಿ ಹಿಡಿದು ನಿಲ್ಲುವುದಕ್ಕೆ. ನೀರನ್ನೂ ಲವಣಗಳನ್ನೂ ಹೀರುವ ಕೆಲಸವನ್ನು ಬಹುಮಟ್ಟಿಗೆ ಎಲೆಬುಡದ ಶಲ್ಕಗಳೇ ನಿರ್ವಹಿಸುತ್ತವೆ. ಬಟ್ಟಲಿಗೆ ಬಿದ್ದ ತರಗೆಲೆ, ಹುಳುಹುಪ್ಪಟೆಗಳು ಕೊಳೆತು ಅದರ ಆಹಾರವಾಗುತ್ತವೆ. ಪತ್ರರಂಧ್ರಗಳು ಹಗಲಿನಲ್ಲಿ ಮುಚ್ಚಿದ್ದು, ರಾತ್ರಿ ತೆರೆದು ಇಂಗಾಲಾಮ್ಲ ವಾಯುವನ್ನು ಸಂಗ್ರಹಿಸುವುದರಿಂದ ಬೇಸಗೆಯ ತಿಂಗಳುಗಳನ್ನು ಸಹ ಗಿಡ ತಾಳಬಲ್ಲುದು. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಬಟ್ಟಲಿಗೆ ಬಿದ್ದುದೆಲ್ಲವೂ, ಒಳಿತಾಗಲಿ ಕೆಡುಕಾಗಲಿ, ಗಿಡದ ಒಡಲನ್ನು ಸೇರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕಡೆಯಲ್ಲಿ ಇದಕ್ಕೆ ನೀರಿನ ಚಿಂತೆಯಿಲ್ಲ. ನೀರಿನೊಡನೆ ಬರುವುದರ ಚಿಂತೆಯಿದೆ.

ಮೊದಲನೆಯದು ತಾಮ್ರ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ಕೋಲ್ಮನ್ ಪ್ರಚುರಪಡಿಸಿದಂದಿನಿಂದ ಅದು ಅಡಿಕೆ ಬೆಳೆಗಾರನ ಮಳೆಗಾಲದ ವಾಡಿಕೆಯಾಗಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಡಿಕೆಗೆ ಅಮೃತಪ್ರಾಯವಾದ ಈ ದ್ರಾವಣ ಬ್ರೊಮೀಲಿಯಕ್ಕೆ ವಿಷ. ಮರದಿಂದ ತೊಟ್ಟಿಕ್ಕಿದ ತಾಮ್ರವು ಬಟ್ಟಲಿನಲ್ಲಿ ತಂಗಿ, ಅಲ್ಲಿನ ಆಮ್ಲಗುಣದ ನೀರಿನಲ್ಲಿ ಮೆಲ್ಲಗೆ ಕರಗಿ, ನಡುಸುಳಿಯನ್ನೇ ಕೊಳೆಯಿಸುತ್ತದೆ. ಅಡಿಕೆ ಮರದ ನೆರಳು ಎಷ್ಟು ಹಿತವಾಗಿ ತೋರಿದರೂ ಸಿಂಪಡಿಸುವ ತೋಟದಲ್ಲಿ ಇದನ್ನು ಇಡತಕ್ಕದ್ದಲ್ಲ. ತಾಮ್ರದ ಪಾತ್ರೆಯಲ್ಲಿ ನಿಂತ ನೀರನ್ನು ಎರೆಯುವುದೂ ಒಳ್ಳೆಯದಲ್ಲ.

ಎರಡನೆಯದು ಸೊಳ್ಳೆ. ಈ ಎರಡು ಸಂಗತಿಗಳು ಟ್ರಿನಿಡಾಡ್ ದ್ವೀಪದಲ್ಲಿ ವಿಲಕ್ಷಣವಾಗಿ ಒಂದುಗೂಡಿದುವು. ಅಲ್ಲಿ ಕೋಕೋ ತೋಟಗಳ ನೆರಳುಮರಗಳ ಮೇಲೆ ಬೆಳೆದ ಬ್ರೊಮೀಲಿಯಗಳ ನೀರಿನಲ್ಲಿ ಅನಾಫಿಲಿಸ್ ಬೆಲ್ಲೇಟರ್ ಎಂಬ ಸೊಳ್ಳೆ ಹುಟ್ಟಿ ಮಲೇರಿಯ ಹರಡುತ್ತಿತ್ತು. ಪಿಟೆಂಡ್ರಿಗ್ ಎಂಬ ಜೀವವಿಜ್ಞಾನಿ 1940ರ ದಶಕದಲ್ಲಿ ಇದನ್ನು ಕೂಲಂಕಷವಾಗಿ ಪರಿಶೀಲಿಸಿದನು. ನಿವಾರಣೆಗೆ ಬಳಸಿದ್ದು ಮೈಲುತುತ್ತದ ದ್ರಾವಣವನ್ನೇ. ನೆರಳುಮರ ಉಳಿಯಿತು, ಬ್ರೊಮೀಲಿಯ ಸತ್ತಿತು. 2016ರಲ್ಲಿ ಝೀಕಾ ಜ್ವರ ಕಾಣಿಸಿಕೊಂಡಾಗ ಅಮೆರಿಕದ ಮಯಾಮಿಯ ಉದ್ಯಾನಗಳಿಂದ ಬ್ರೊಮೀಲಿಯಗಳನ್ನು ತೆಗೆಸಿದುದೂ ಉಂಟು. ಡೆಂಗಿಯ ಈಡಿಸ್ ಸೊಳ್ಳೆಗೆ ಒಡೆದ ತೆಂಗಿನ ಚಿಪ್ಪು, ಬಿದ್ದ ಅಡಿಕೆ ಹಾಳೆ, ಹಳೆಯ ಟಯರುಗಳೇ ಮೆಚ್ಚಿನ ತಾಣಗಳು. ಆದರೂ ಬಟ್ಟಲನ್ನು ಅಲಕ್ಷಿಸುವಂತಿಲ್ಲ. ಜಡಿಮಳೆ ಅದನ್ನು ತಾನೇ ತೊಳೆಯುತ್ತದೆ. ಮಳೆ ಬಿಡುವು ಕೊಟ್ಟ ವಾರಗಳೇ ಅಪಾಯದವು. ನಮ್ಮ ಸೆಖೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿವಸ ಸಾಕು. ಆದುದರಿಂದ ವಾರಕ್ಕೊಮ್ಮೆ ಕುಂಡವನ್ನು ಬಾಗಿಸಿ ಹಳೆಯ ನೀರನ್ನು ಚೆಲ್ಲಿ ಹೊಸ ನೀರು ತುಂಬಬೇಕು. ಸೀಮೆಎಣ್ಣೆ ಹನಿಸುವುದು ಸಲ್ಲದು. ಎಣ್ಣೆಯು ಶಲ್ಕಗಳನ್ನು ಮುಚ್ಚಿ ಗಿಡವನ್ನು ಕೊಲ್ಲುತ್ತದೆ.

ಉಳಿದ ಆರೈಕೆ ಸುಲಭ. ಬರಿಯ ಮಣ್ಣು ಬೇಡ; ತೆಂಗಿನ ಸಿಪ್ಪೆಯ ತುಂಡು, ಮುರಕಲ್ಲಿನ ಚೂರು, ಇದ್ದಲು ಸೇರಿಸಿ ಚಿಕ್ಕ ಕುಂಡದಲ್ಲಿ ಬುಡವನ್ನು ಹೂಳದಂತೆ ನೆಡಬೇಕು. ಮುರಕಲ್ಲು ನೆಲದ ಬಾವಿನೀರು ಒಗ್ಗುತ್ತದೆ. ಹೊಳೆಬಾಗಿಲಿನ ಬಳಿ, ಗಂಗೊಳ್ಳಿಯಂಥ ಕಡೆಗಳಲ್ಲಿ, ಬೇಸಗೆಯಲ್ಲಿ ಬಾವಿ ಉಪ್ಪಾದರೆ ಹಿಡಿದಿಟ್ಟ ಮಳೆನೀರನ್ನೇ ಬಳಸಬೇಕು. ಪೂರ್ವದ ಜಗಲಿಯ ಎಳೆಬಿಸಿಲು ಉತ್ತಮ. ಪಡುವಣ ಬಿಸಿಲು ಎಲೆಯನ್ನು ಸುಡುತ್ತದೆ. ಯೂರಿಯವನ್ನು ಬಟ್ಟಲಿಗೆ ಹಾಕಕೂಡದು. ಬಲಿತ ಗಿಡ ಹೂ ಬಿಡಲು ತಡಮಾಡಿದರೆ ಬಟ್ಟಲನ್ನು ಬರಿದುಮಾಡಿ, ಮಾಗಿದ ಸೇಬಿನೊಡನೆ ಪ್ಲಾಸ್ಟಿಕ್ ಚೀಲದಲ್ಲಿ ವಾರದಷ್ಟು ಕಾಲ ಮುಚ್ಚಿಟ್ಟರೆ, ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಹೂವನ್ನು ಪ್ರಚೋದಿಸುತ್ತದೆ. ಅನಾನಸು ಬೆಳೆಗಾರರ ಉಪಾಯವೂ ಇದೇ ತತ್ತ್ವದ್ದು.

ಒಮ್ಮೆ ಹೂ ಬಿಟ್ಟ ಗಿಡ ಮತ್ತೆ ಬಿಡುವುದಿಲ್ಲ. ರೋಗ ತಗಲಿತೆಂದು ಅದನ್ನು ಕಿತ್ತೆಸೆಯುವವರಿದ್ದಾರೆ, ಅದು ತಪ್ಪು. ತಾಯಿಗಿಡ ನಿಧಾನವಾಗಿ ಒಣಗುತ್ತಿರುವಾಗಲೇ ಬುಡದಲ್ಲಿ ಬಾಳೆಯಂತೆ ಕಂದುಗಳು ಏಳುತ್ತವೆ. ತಾಯಿಯ ಅರ್ಧದಷ್ಟಾದ ಕಂದನ್ನು, ಮಳೆಯ ರಭಸ ತಗ್ಗಿದ ಸೆಪ್ಟೆಂಬರ್ ಕೊನೆಯಲ್ಲಿ ಹರಿತವಾದ ಕತ್ತಿಯಿಂದ ಬಿಡಿಸಿ, ಗಾಯವನ್ನು ಒಂದೆರಡು ದಿನ ನೆರಳಿನಲ್ಲಿ ಒಣಗಿಸಿ ನೆಡಬೇಕು. ಗಾಯಕ್ಕೆ ರೂಢಿಯಂತೆ ಬೋರ್ಡೋ ಮುಲಾಮು ಹಚ್ಚಬಾರದು.