ಹಿಮದ ಬಯಲು, ಹೂವಿನ ಬಯಲು

ಕಾಶ್ಮೀರದ ಪೀರ್ ಪಂಜಾಲ್ ಪರ್ವತಶ್ರೇಣಿಯ ಮಡಿಲಲ್ಲಿ, ಸಮುದ್ರಮಟ್ಟದಿಂದ ಸುಮಾರು ೨,೬೫೦ ಮೀಟರ್ ಎತ್ತರದಲ್ಲಿ, ಗುಲ್ಮಾರ್ಗವೆಂಬ ಬಟ್ಟಲಿನಾಕಾರದ ಬಯಲಿದೆ. ಆ ಹೆಸರಿಗೆ ಹೂವಿನ ಹುಲ್ಲುಗಾವಲು ಎಂದು ಅರ್ಥ. ಆದರೆ ನಾವು ಜನವರಿಯಲ್ಲಿ ಅಲ್ಲಿಗೆ ಹೋದರೆ ಸಾಮಾನ್ಯವಾಗಿ ಹೂವೂ ಕಾಣದು, ಹುಲ್ಲೂ ಕಾಣದು. ಕಾಲಿಗೆ ಉದ್ದನೆಯ ಸ್ಕೀ ಹಲಗೆಗಳನ್ನು ಬಿಗಿದುಕೊಂಡವರು ಅಫರ್ವತ್ ಬೆಟ್ಟದ ಬಿಳಿಯ ಇಳಿಜಾರಿನಲ್ಲಿ ಬಾಣದಂತೆ ಜಾರಿ ಬರುತ್ತಿರುತ್ತಾರೆ. ಜೂನಿನಲ್ಲಿ ಹೋದೆವೋ, ಅದೇ ಇಳಿಜಾರಿನಲ್ಲಿ ಕುರಿಗಳು ಮೇಯುತ್ತಿರುತ್ತವೆ.

೧೯೯೮ರಲ್ಲಿ ಆರಂಭವಾಗಿ ೨೦೦೫ರಲ್ಲಿ ಇನ್ನಷ್ಟು ಮೇಲಕ್ಕೆ ಬೆಳೆದ ತಂತಿಮಾರ್ಗವು ಎರಡು ಋತುಗಳಲ್ಲಿಯೂ ಪ್ರಯಾಣಿಕರನ್ನು ೩,೯೦೦ ಮೀಟರಿಗೂ ಮೇಲಕ್ಕೆ ಕೊಂಡೊಯ್ಯುತ್ತದೆ. ವಾಯುಮಂಡಲದಲ್ಲಿ ಸಾವಿರ ಮೀಟರ್ ಏರಿದರೆ ಉಷ್ಣತೆಯು ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆದುದರಿಂದ ಮೇಲಿನ ನಿಲ್ದಾಣವು ಕೆಳಗಿನ ಬಯಲಿಗಿಂತ ಸುಮಾರು ಎಂಟು ಡಿಗ್ರಿ ತಂಪು. ಜೂನಿನ ಒಂದೇ ಬೆಳಗಿನಲ್ಲಿ ಕೆಳಗೆ ಹೂವನ್ನೂ ಮೇಲೆ ಹಿಮದ ತೇಪೆಗಳನ್ನೂ ಕಾಣಲು ಸಾಧ್ಯವಾಗುವುದು ಇದರಿಂದಲೇ.

ಸ್ಕೀ ಹಲಗೆ ಜಾರುವುದೇಕೆ? ದೇಹದ ಭಾರದ ಒತ್ತಡದಿಂದ ಹಿಮ ಕರಗುತ್ತದೆಂದು ಬಹುಕಾಲ ನಂಬಿದ್ದರು. ಆದರೆ ಹಲಗೆ ಅಗಲವಾದುದು. ಭಾರ ಹಂಚಿಹೋಗುವುದರಿಂದ ಒತ್ತಡ ಸಾಲದು. ಕರಗಿಸುವುದು ಉಜ್ಜಾಟದ ಶಾಖವೆಂದು ೧೯೩೯ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು. ಶಾಖವನ್ನು ಬೇಗ ಸಾಗಿಸಿಬಿಡುವ ಹಿತ್ತಾಳೆಯ ಹಲಗೆಗಿಂತ, ಸಾಗಿಸದ ಎಬೊನೈಟ್ ಹಲಗೆ ಸುಲಭವಾಗಿ ಜಾರಿತು! ಹೀಗೆ ಆಟಗಾರನಿಗೆ ಬೇಕಾದುದು ಹಲಗೆಯಡಿಯ ತೆಳುವಾದ ನೀರಿನ ಪೊರೆಯಷ್ಟೆ. ಕೆಳಗಿನ ಊರುಗಳಿಗಾದರೋ ಬೆಟ್ಟದ ಹಿಮವೆಲ್ಲವೂ ಬೇಕು.

ಈ ಹಿಮವನ್ನು ತರುವುದು ನಮಗೆ ಪರಿಚಿತವಾದ ಮುಂಗಾರು ಮಾರುತವಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಆಫ್ಘಾನಿಸ್ತಾನಗಳನ್ನು ಹಾದು ಪೂರ್ವಕ್ಕೆ ಸಾಗುವ 'ಪಶ್ಚಿಮದ ಕ್ಷೋಭೆ'ಗಳೆಂಬ ವಾಯುಸುಳಿಗಳು ಚಳಿಗಾಲದಲ್ಲಿ ಹಿಮಾಲಯವನ್ನು ತಾಕಿ ತಮ್ಮ ತೇವವನ್ನು ಸುರಿಸುತ್ತವೆ. ಹೊಸದಾಗಿ ಬಿದ್ದ ಒಂದು ಮೀಟರ್ ಹಿಮ ಕರಗಿದರೆ ದೊರೆಯುವುದು ಸುಮಾರು ಹತ್ತು ಸೆಂಟಿಮೀಟರ್ ನೀರು. ಉಳಿದುದೆಲ್ಲ ಹರಳುಗಳ ನಡುವಿನ ಗಾಳಿ. ಆದರೂ ಈ ನೀರಿಗೊಂದು ದೊಡ್ಡ ಗುಣವಿದೆ. ಮಳೆ ಬಿದ್ದೊಡನೆ ಹರಿದುಹೋಗುತ್ತದೆ, ಹಿಮ ಕಾದಿರುತ್ತದೆ. ಹೊಸ ಹಿಮವು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಪಾಲನ್ನು ಹಿಂದಕ್ಕೆ ಹೊರಳಿಸುವುದರಿಂದ (ಕಪ್ಪು ಕನ್ನಡಕವಿಲ್ಲದೆ ಅಲ್ಲಿ ಕಣ್ಣು ಬಿಡುವುದೇ ಕಷ್ಟ) ನಿಧಾನವಾಗಿ ಕರಗುತ್ತದೆ. ಅಫರ್ವತ್ ಬೆಟ್ಟದ ಹಿಮಜಲ ನಿಂಗ್ಲಿ ಹಳ್ಳವಾಗಿ ಇಳಿದು, ಸೋಪೋರದ ಬಳಿ ಝೇಲಂ ನದಿಯನ್ನು ಸೇರುತ್ತದೆ. ಕಣಿವೆಯ ರೈತ ಬತ್ತದ ಸಸಿಗಳನ್ನು ನಾಟಿ ಮಾಡುವ ಜೂನ್ ತಿಂಗಳಿನಲ್ಲಿ ಅವನ ಗದ್ದೆಗೆ ಹರಿಯುವುದು ಬಹುಮಟ್ಟಿಗೆ ಇಂಥ ಹಳ್ಳಗಳ ನೀರು.

೨೦೨೪ರ ಜನವರಿಯಲ್ಲಿ ಆ ಸುಳಿಗಳು ದುರ್ಬಲವಾದುವು. ತಿಂಗಳ ಕೊನೆಯ ದಿನಗಳವರೆಗೂ ಗುಲ್ಮಾರ್ಗದ ಬಯಲು ಕಂದು ಬಣ್ಣದ ಒಣಹುಲ್ಲಾಗಿಯೇ ಉಳಿದಿತ್ತು. ಹಿಮ ಕಾಣಲು ಬಂದವರು ನಿರಾಶರಾದರು. ವಸತಿಗೃಹದವರೂ ಸ್ಕೀ ಕಲಿಸುವವರೂ ಕೆಲಸವಿಲ್ಲದೆ ಕುಳಿತರು. ೨೦೨೫ರ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವು ಹಿಮ ಸಾಲದೆ ಮಾರ್ಚಿಗೆ ಮುಂದೆ ಹೋಯಿತು. ತಡವಾಗಿ ಬಿದ್ದ ಹಿಮದ ಮೇಲೆ ಆಟವೇನೋ ನಡೆಯಿತು. ಆದರೆ ಅಂಥ ಹಿಮಕ್ಕೆ ಪದರ ಪದರವಾಗಿ ಕುಸಿದು ಗಟ್ಟಿಯಾಗಲು ಚಳಿಯ ದಿನಗಳು ಉಳಿದಿರುವುದಿಲ್ಲ. ಸೂರ್ಯನೂ ಅಷ್ಟರಲ್ಲಿ ಮೇಲೇರಿರುತ್ತಾನೆ. ಅದು ಬೇಗನೆ ಕರಗಿ, ನಾಟಿಗೆ ಮೊದಲೇ ಹಳ್ಳ ಹಿಡಿದು ಹೋಗಿಬಿಡುತ್ತದೆ.